‘ಆಫೀಸಲ್ಲಿ ಕೇಳಪ್ಪ’ ಅಂತ ಕಳಿಸಿದ ಹುಡುಗ

2022ರ ಜನವರಿಲಿ ಎರಡನೇ ವರ್ಷದ ಬಿಕಾಂ ಹುಡುಗ ಒಬ್ಬ ಸ್ಟಾಫ್ ರೂಂ ಬಾಗಿಲಲ್ಲಿ ನಿಂತು ‘ಮೇಡಂ, ವಿದ್ಯಾಸಿರಿ ದುಡ್ಡು ಇನ್ನೂ ಬಂದಿಲ್ಲ’ ಅಂದ. ನಾನು ಇಂಟರ್ನಲ್ಸ್ ಪೇಪರ್ ತಿದ್ದುತ್ತಾ ಇದ್ದೆ. ‘ಆಫೀಸಲ್ಲಿ ಕೇಳಪ್ಪ’ ಅಂದೆ, ಅವನು ‘ಸರಿ ಮೇಡಂ’ ಅಂತ ಹೋದ, ನಾನು ಮುಂದಿನ ಪೇಪರ್ ತಗೊಂಡೆ. ನಾನು ಅವನ ಮೆಂಟರ್, ಅಂದ್ರೆ ಅವನ ಓದು, ಕಷ್ಟ ಸುಖ ವಿಚಾರಿಸ್ಕೊಳ್ಳೋಕೆ ಅಂತ ಕಾಲೇಜು ಗೊತ್ತು ಮಾಡಿದ ಟೀಚರ್. ಮೆಂಟರ್ ಡೈರಿಲಿ ಅವನ ಪುಟ ತೆಗೆದು ಅವತ್ತಿನ ತಾರೀಖು ಹಾಕಿ ‘ಸ್ಕಾಲರ್‌ಶಿಪ್ ಬಗ್ಗೆ ಮಾರ್ಗದರ್ಶನ ನೀಡಲಾಯಿತು’ ಅಂತ ಬರೆದು ಸಹಿನೂ ಹಾಕಿದ್ದೆ.

ಮಾರ್ಚ್ ಹೊತ್ತಿಗೆ ಅವನು ಕ್ಲಾಸಿಗೆ ಬರೋದೇ ನಿಲ್ಸಿದ. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ಹಾಕೋವಾಗ ಗೊತ್ತಾಗಿ ಫೋನ್ ಮಾಡಿದ್ರೆ ‘ಪೀಣ್ಯದಲ್ಲಿ ಕೆಲಸಕ್ಕೆ ಸೇರ್ಕೊಂಡಿದೀನಿ ಮೇಡಂ’ ಅಂದ. ಆಫೀಸಿಗೆ ಮೂರು ಸಲ ಹೋಗಿದ್ನಂತೆ, ಒಂದ್ಸಲ ಕೇಸ್ ವರ್ಕರ್ ರಜೆ, ಒಂದ್ಸಲ ಸರ್ವರ್ ಇಲ್ಲ, ಮೂರನೇ ಸಲ ‘ಬ್ಯಾಂಕಲ್ಲಿ ವಿಚಾರ್ಸು’ ಅಂದ್ರಂತೆ, ಬ್ಯಾಂಕಿಗೆ ಹೋದ್ರೆ ‘ಆಧಾರ್ ಲಿಂಕ್ ಆಗಿದೆಯಲ್ಲ, ಕಾಲೇಜಲ್ಲೇ ಕೇಳು’ ಅಂದ್ರಂತೆ. ಅಷ್ಟರಲ್ಲಿ ಎರಡು ತಿಂಗಳ ರೂಂ ಬಾಡಿಗೆ ನಿಂತಿತ್ತು. ಅವನಪ್ಪ ಎಪಿಎಂಸಿಲಿ ಹಮಾಲಿ, ಬೆನ್ನು ನೋವಿಂದ ಕೆಲಸಕ್ಕೆ ಹೋಗ್ತಿರ್ಲಿಲ್ಲ. ಇದ್ಯಾವುದೂ ನನಗೆ ಗೊತ್ತಿರ್ಲಿಲ್ಲ, ಯಾಕಂದ್ರೆ ನಾನು ಕೇಳಿರ್ಲಿಲ್ಲ.

ವಿದ್ಯಾಸಿರಿ ಅಂದ್ರೆ ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಹಿಂದುಳಿದ ವರ್ಗದ ಹಾಸ್ಟೆಲಲ್ಲಿ ಸೀಟು ಸಿಗದ ಮಕ್ಕಳಿಗೆ ಊಟ ವಸತಿಗೆ ಅಂತ ಆಗ ತಿಂಗಳಿಗೆ 1,500 ರೂಪಾಯಿ ಹಾಗೆ ಹತ್ತು ತಿಂಗಳಿಗೆ ಕೊಡ್ತಿದ್ರು. ವರ್ಷಕ್ಕೆ 15,000. ಇಷ್ಟರ ಮೇಲೆ ಒಂದು ಡಿಗ್ರಿ ನಿಂತಿರುತ್ತೆ ಅಂದ್ರೆ ಬೆಂಗಳೂರಲ್ಲಿರೋ ಎಷ್ಟೋ ಜನ ನಂಬಲ್ಲ, ನಮ್ಮ ಕಡೆ ನಿಂತಿರುತ್ತೆ.

ಆಮೇಲೆ ನಾನೇ ಎಸ್‌ಎಸ್‌ಪಿಲಿ, ಅಂದ್ರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಅವನ ಸ್ಟೇಟಸ್ ತೆಗೆದು ನೋಡಿದೆ. ಅರ್ಜಿ ಮಂಜೂರಾಗಿತ್ತು. ದುಡ್ಡು ಹಾಕೋಕೆ ಹೋಗಿ ವಾಪಸ್ ಬಂದಿತ್ತು. ಅವನ ಖಾತೆಗೆ ಆಧಾರ್ ಲಿಂಕ್ ಆಗಿತ್ತು ನಿಜ, ಆದ್ರೆ ಸೀಡಿಂಗ್ ಆಗಿರ್ಲಿಲ್ಲ. ಇವೆರಡೂ ಬೇರೆ ಬೇರೆ, ಇದನ್ನ ನಾನೂ ಅವತ್ತೇ ಕಲಿತಿದ್ದು. ಲಿಂಕ್ ಅಂದ್ರೆ ಬ್ಯಾಂಕಿನ ಒಳಗೆ ನಿಮ್ಮ ಖಾತೆಗೆ ಆಧಾರ್ ನಂಬರ್ ಸೇರಿಸಿರೋದು. ಸೀಡಿಂಗ್ ಅಂದ್ರೆ ಬ್ಯಾಂಕುಗಳ ಮಧ್ಯೆ ದುಡ್ಡು ಸಾಗಿಸೋ ಎನ್‌ಪಿಸಿಐ ಸಂಸ್ಥೆಯ ಮ್ಯಾಪಲ್ಲಿ ‘ಈ ಆಧಾರ್‌ಗೆ ಬರೋ ಸರ್ಕಾರಿ ದುಡ್ಡು ಈ ಬ್ಯಾಂಕಿಗೆ ಹೋಗ್ಲಿ’ ಅಂತ ಗುರುತು ಹಾಕಿರೋದು, ಒಂದು ಆಧಾರ್‌ಗೆ ಒಂದು ಹೊತ್ತಲ್ಲಿ ಒಂದೇ ಬ್ಯಾಂಕ್. ಎರಡು ಮೂರು ಖಾತೆ ಇದ್ರೆ ಕೊನೆಗೆ ಯಾವುದಕ್ಕೆ ಸೀಡಿಂಗ್ ಮಾಡ್ಸಿದಾರೋ ಅಲ್ಲಿಗೆ ಹೋಗುತ್ತೆ. ಕೌಂಟರಲ್ಲಿ ‘ಲಿಂಕ್ ಆಗಿದೆ’ ಅಂದಿದ್ದು ಸುಳ್ಳಲ್ಲ, ಆದ್ರೆ ಅದು ಹುಡುಗನ ಪ್ರಶ್ನೆಗೆ ಉತ್ತರ ಆಗಿರ್ಲಿಲ್ಲ. ಪೋಸ್ಟಾಫೀಸಲ್ಲಿ ಹೊಸ ಖಾತೆ ತೆಗೆದು ಸೀಡಿಂಗ್ ಮಾಡ್ಸೋಕೆ ಅರ್ಧ ದಿನ ಸಾಕು. ಅವನು ಒಂದು ಭಾನುವಾರ ಊರಿಗೆ ಬಂದವನು ಸೋಮವಾರ ಉಳ್ಕೊಂಡು ಮಾಡ್ಸಿದ, ಮುಂದೆ ದುಡ್ಡೂ ಬಂತು. ಹುಡುಗ ವಾಪಸ್ ಬರ್ಲಿಲ್ಲ.

ನಾನು ಅವನಿಗೆ ಹೇಳಿದ್ದು ತಪ್ಪು ದಾರಿಯೇನಲ್ಲ, ಆಫೀಸಲ್ಲೇ ಕೇಳ್ಬೇಕಿತ್ತು. ಆದ್ರೆ ದಾರಿ ತೋರಿಸೋದು ಬೇರೆ, ತಲುಪಿಸೋದು ಬೇರೆ. ಮೊದಲನೇ ತಲೆಮಾರಲ್ಲಿ ಕಾಲೇಜಿಗೆ ಬಂದಿರೋ ಮಗು ಒಂದು ಕೌಂಟರಲ್ಲಿ ‘ನಾಳೆ ಬಾ’ ಅನ್ನಿಸ್ಕೊಂಡ್ರೆ ನಾಳೆ ಹೋಗುತ್ತೆ, ನಾಡಿದ್ದೂ ಹೋಗುತ್ತೆ, ಆಮೇಲೆ ತನ್ನದೇ ಏನೋ ತಪ್ಪಿರ್ಬೇಕು ಅನ್ಕೊಂಡು ಸುಮ್ಮನಾಗುತ್ತೆ. ‘ಯಾಕೆ ನಾಳೆ?’ ಅಂತ ಕೇಳೋ ಧೈರ್ಯ ಮನೇಲಿ ಯಾರಾದ್ರೂ ಆಫೀಸು ಕಚೇರಿ ಓಡಾಡಿದ್ರೆ ಬರೋದು.

ಮೆಂಟರ್ ವ್ಯವಸ್ಥೆ ನಮ್ಮ ಡಿಗ್ರಿ ಕಾಲೇಜುಗಳಿಗೆ ಗಟ್ಟಿಯಾಗಿ ಬಂದಿದ್ದು ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನಿಂದ. ಎಷ್ಟು ಮಕ್ಕಳಿಗೆ ಒಬ್ಬ ಮೆಂಟರ್ ಅಂತ ಅವರು ಲೆಕ್ಕ ಕೇಳ್ತಾರೆ, ಅದಕ್ಕೆ ಕಾಲೇಜಿನ ಗುಣಮಟ್ಟ ನೋಡ್ಕೊಳ್ಳೋ ಘಟಕ ಐಕ್ಯೂಎಸಿಯೋರು ಲಿಸ್ಟ್ ಮಾಡಿ ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂತ ಹಂಚ್ತಾರೆ, ನನಗೆ ಈ ವರ್ಷ 34. ಅತಿಥಿ ಉಪನ್ಯಾಸಕರಿಗೂ ಹಂಚ್ತಾರೆ, ಅವರಲ್ಲಿ ಎಷ್ಟೋ ಜನ ನಮಗಿಂತ ಚೆನ್ನಾಗಿ ಮಕ್ಕಳನ್ನ ಬಲ್ಲರು, ಆದ್ರೆ ಮುಂದಿನ ವರ್ಷ ಅವರು ಇದೇ ಕಾಲೇಜಲ್ಲಿ ಇರ್ತಾರೋ ಇಲ್ವೋ ಅವರಿಗೇ ಗೊತ್ತಿರಲ್ಲ, ಹಾಗಾಗಿ ಒಂದು ಮಗುಗೆ ಮೂರು ವರ್ಷಕ್ಕೆ ಮೂರು ಮೆಂಟರ್ ಆಗಿರೋದನ್ನ ನೋಡಿದೀನಿ. ತನ್ನ ಕಷ್ಟಾನ ಎಷ್ಟು ಸಲ ಹೊಸದಾಗಿ ಹೇಳುತ್ತೆ ಪಾಪ. ಇದು ಸರಿಹೋಗ್ಬೇಕು, ಇದನ್ನ ನಾನು ಮೀಟಿಂಗಲ್ಲೂ ಹೇಳಿದೀನಿ.

ಆ ಹುಡುಗ ಹೋದ್ಮೇಲೆ ನಾನೊಂದು ನೋಟ್‌ಬುಕ್ ಇಟ್ಟೆ, ಕಾಲೇಜಿನ ಡೈರಿ ಅಲ್ಲ, ನನ್ನ ಸ್ವಂತದ್ದು. ಯಾವ ಕೆಲಸಕ್ಕೆ ಯಾರ ಹತ್ರ, ಯಾವ ವಾರ, ಎಷ್ಟು ಗಂಟೆಗೆ ಹೋದ್ರೆ ಅವರು ಸೀಟಲ್ಲಿರ್ತಾರೆ, ಏನೇನು ಕಾಗದ ಬೇಕು ಎಲ್ಲಾ ಬರೆದೆ. ಆದಾಯ ಪ್ರಮಾಣ ಪತ್ರ ನಾಡಕಚೇರಿಲಿ, ಐದು ವರ್ಷ ನಡೆಯುತ್ತೆ, ಅದರ ಮೇಲಿರೋ ಆರ್‌ಡಿ ನಂಬರ್ ಇಲ್ದೆ ಎಸ್‌ಎಸ್‌ಪಿ ಅರ್ಜಿ ಮುಂದಕ್ಕೆ ಹೋಗಲ್ಲ. ಹಾಸ್ಟೆಲ್ ವಾರ್ಡನ್ ಯಾವತ್ತು ಸಿಗ್ತಾರೆ. ರ‍್ಯಾಗಿಂಗ್ ಆದ್ರೆ 1800-180-5522. ಮನೇಲಿ ಹೊಡೆತ ಬಡಿತ, ಬಲವಂತದ ಮದುವೆ ಅಂದ್ರೆ ಮಹಿಳಾ ಸಹಾಯವಾಣಿ 181, ಜಿಲ್ಲೆಲಿರೋ ಸಖಿ ಕೇಂದ್ರ. ಲೈಂಗಿಕ ಕಿರುಕುಳ ಅಂದ್ರೆ ಕಾಲೇಜಿನ ಆಂತರಿಕ ದೂರು ಸಮಿತಿ, ಅದರಲ್ಲಿ ಈ ವರ್ಷ ಯಾರ‍್ಯಾರಿದಾರೆ, ಹುಡುಗೀರು ಯಾರ ಹತ್ರ ಹೆದರದೆ ಮಾತಾಡ್ತಾರೆ. ಈ ಕೊನೇದು ಯಾವ ನೋಟಿಸ್ ಬೋರ್ಡಲ್ಲೂ ಇರಲ್ಲ, ಆದ್ರೆ ಅದೇ ಮುಖ್ಯ.

ನೋಟ್‌ಬುಕ್ಕಲ್ಲಿ ಒಂದು ನಂಬರ್ ಬರೆದಿಟ್ಟು ಒಂದು ವರ್ಷದ ತನಕ ನಾನು ಬಳಸಿರ್ಲಿಲ್ಲ, 14416. ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದ ಹೊತ್ತಿಗೆ ಶುರುವಾಗಿದ್ದು, ನಮ್ಮ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ, ಹಗಲು ರಾತ್ರಿ ಇರುತ್ತೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.

ಬಳಸಿದ್ದು ಒಬ್ಬ ಹುಡುಗಿಗೆ. ಮೊದಲ ಸೆಮಿಸ್ಟರಲ್ಲಿ ಮುಂದಿನ ಬೆಂಚು, ಎರಡನೇದರಲ್ಲಿ ಗೋಡೆ ಪಕ್ಕ, ಆಮೇಲೆ ಊಟದ ಹೊತ್ತಿಗೆ ಗೆಳತೀರ ಜೊತೆ ಕೂರೋದನ್ನೂ ಬಿಟ್ಟಳು. ಇಂಟರ್ನಲ್ಸಲ್ಲಿ ರಿಜಿಸ್ಟರ್ ನಂಬರ್ ಬರೆದು ಖಾಲಿ ಪೇಪರ್ ಕೊಟ್ಟು ಎದ್ದು ಹೋದಳು. ಮಾರ್ಕ್ಸ್ ಕಮ್ಮಿ ಬರೋದು ಬೇರೆ, ಬರೆಯೋ ಮಗು ಬರೆಯದೇ ಹೋಗೋದು ಬೇರೆ. ಮರುದಿನ ಕೊನೇ ಪೀರಿಯಡ್ ಆದ್ಮೇಲೆ ಖಾಲಿ ಇದ್ದ ಕ್ಲಾಸ್ ರೂಮಲ್ಲಿ ಕೂರಿಸ್ಕೊಂಡೆ. ಸ್ಟಾಫ್ ರೂಂ ಬೇಡ ಅನ್ನಿಸ್ತು, ಅಲ್ಲಿ ಎಲ್ಲರ ಕಿವಿನೂ ಇರುತ್ತೆ. ಬಾಗಿಲು ಪೂರ್ತಿ ಹಾಕ್ಲಿಲ್ಲ, ಕಾರಿಡಾರಲ್ಲಿ ನಮ್ಮ ಅಟೆಂಡರಮ್ಮ ಇದ್ರು.

‘ಏನಮ್ಮಾ, ನಿದ್ದೆ ಬರ್ತಿದ್ಯಾ?’ ಅಂದೆ. ಪಾಠದ ವಿಷಯ ಎತ್ತಲೇ ಇಲ್ಲ. ಸುಮಾರು ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ, ನಮಗೆ ಪಾಠ ಮಾಡೋರಿಗೆ ಇದು ತುಂಬಾ ಕಷ್ಟದ ಕೆಲಸ, ಸುಮ್ಮನೆ ಕೂರೋದು. ಆಮೇಲೆ ಮೂರು ವಾರದಿಂದ ನಿದ್ದೆ ಇಲ್ಲ ಮೇಡಂ ಅಂದಳು, ಊಟ ಸೇರಲ್ಲ ಅಂದಳು, ‘ಇರೋದೇ ಬೇಡ ಅನ್ಸುತ್ತೆ’ ಅಂದಳು.

ಹತ್ತು ವರ್ಷದ ಹಿಂದೆ ಆಗಿದ್ರೆ ನಾನು ‘ಛೆ ಛೆ, ಹಾಗೆಲ್ಲಾ ಮಾತಾಡ್ಬಾರ್ದಮ್ಮ, ಅಪ್ಪ ಅಮ್ಮನ್ನ ನೆನಪಿಸ್ಕೋ’ ಅಂತ ಬಾಯಿ ಮುಚ್ಚಿಸಿ ಬಿಡ್ತಿದ್ದೆ. ಅವತ್ತು ನೇರವಾಗೇ ಕೇಳಿದೆ, ಜೀವ ಕಳ್ಕೊಳ್ಳೋ ಯೋಚನೆ ಬರ್ತಿದ್ಯಾ ಅಂತ. ಹೀಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗುತ್ತೆ ಅಂತ ನಮ್ಮಲ್ಲಿ ತುಂಬಾ ಜನ ಹೆದರ್ತಾರೆ, ಅದು ತಪ್ಪು, ಈ ಕೆಲಸ ಬಲ್ಲೋರು ಎಲ್ಲಾ ಕಡೆ ಹೇಳೋದು ನೇರವಾಗಿ ಕೇಳಿ ಅಂತಲೇ, ಕೇಳಿದ್ರೆ ಒಳಗೆ ಕಟ್ಕೊಂಡಿರೋದು ಹೊರಗೆ ಬರುತ್ತೆ. ಅವಳು ಹೌದು ಅಂತ ತಲೆ ಆಡಿಸಿ ಅತ್ತಳು. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಮೇಡಂ’ ಅಂದಳು.

ಮಾತು ಕೊಡ್ಲಿಲ್ಲ. ಕೊಡೋಕೆ ತುಂಬಾ ಮನಸ್ಸಾಗಿತ್ತು, ಕೊಟ್ರೆ ಅವಳು ನನ್ನ ಇನ್ನೂ ನಂಬ್ತಾಳೆ ಅನ್ನಿಸ್ತು. ಆದ್ರೆ ಆ ಮಾತು ಉಳಿಸ್ಕೊಂಡ್ರೆ ಅವಳಿಗೆ ಅಪಾಯ, ಮುರಿದ್ರೆ ಮುಂದೆ ಯಾರನ್ನೂ ನಂಬಲ್ಲ. ‘ಊರೆಲ್ಲಾ ಹೇಳಲ್ಲ ಕಣಮ್ಮ, ಆದ್ರೆ ನಿನ್ನ ಜೀವ ಕಾಪಾಡೋಕೆ ಯಾರಿಗೆ ಹೇಳ್ಬೇಕೋ ಅವರಿಗೆ ಹೇಳ್ಲೇಬೇಕು, ಯಾರಿಗೆ ಅಂತ ನೀನೇ ಹೇಳು’ ಅಂದೆ. ಅಮ್ಮನಿಗೆ ಬೇಡ, ಚಿಕ್ಕಮ್ಮನಿಗೆ ಹೇಳಿ ಅಂದಳು. ಚಿಕ್ಕಮ್ಮ ಅದೇ ತಾಲೂಕಲ್ಲಿ ಅಂಗನವಾಡಿ ಟೀಚರ್.

ಆ ಕ್ಲಾಸ್ ರೂಮಲ್ಲೇ ನನ್ನ ಫೋನಿಂದ 14416 ಹಚ್ಚಿದೆ. ಕನ್ನಡಕ್ಕೆ ಒತ್ತಿ ಅಂತ ಬಂತು, ಒತ್ತಿದೆ, ನಾನು ಇಂಥ ಕಾಲೇಜಿನ ಟೀಚರ್, ನನ್ನ ಪಕ್ಕ ನನ್ನ ವಿದ್ಯಾರ್ಥಿನಿ ಇದಾಳೆ ಅಂತಷ್ಟೇ ಹೇಳಿ ಫೋನ್ ಅವಳ ಕೈಗೆ ಕೊಟ್ಟು ಮೂರು ಬೆಂಚು ಹಿಂದೆ ಹೋಗಿ ಕೂತೆ. ಅರ್ಧ ಗಂಟೆ ಹತ್ರ ಮಾತಾಡಿದ್ಳು. ಈ ನಂಬರ್ ಇಟ್ಕೋ, ಬೇಕಾದಾಗ ಫೋನ್ ಮಾಡು ಅಂತ ಚೀಟಿ ಕೊಟ್ಟು ಕಳಿಸಿದ್ರೆ ಮಾಡ್ತಿದ್ಲಾ? ನನಗೆ ಅನ್ಸಲ್ಲ. ಪ್ರೀಪೇಯ್ಡ್ ಸಿಮ್ಮು, ಎರಡು ರೂಮಿನ ಮನೆ, ಯಾರ ಮುಂದೆ ಕೂತು ಮಾತಾಡೋದು. ಚಿಕ್ಕಮ್ಮ ಬರೋ ತನಕ ಅವಳನ್ನ ಒಬ್ಬಳೇ ಬಿಡ್ಲಿಲ್ಲ, ಕ್ಯಾಂಟೀನಿಂದ ಟೀ ತರಿಸ್ದೆ, ಕುಡಿದ್ಳು.

ಮುಂದಿನ ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋದ್ವಿ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಮನೋರೋಗ ತಜ್ಞರು ಮಂಗಳವಾರ ತಾಲೂಕು ಆಸ್ಪತ್ರೆಗೇ ಬರ್ತಾರೆ. ನಮ್ಮ ಸ್ಟಾಫಲ್ಲೇ ಅರ್ಧಕ್ಕರ್ಧ ಜನಕ್ಕೆ ಗೊತ್ತಿರ್ಲಿಲ್ಲ, ಮಾನಸಿಕ ಅಂದ್ರೆ ಬೆಂಗಳೂರಿಗೆ ಹೋಗ್ಬೇಕು, ನಿಮ್ಹಾನ್ಸ್ ಅಂದ್ರೆ ಕೊನೇ ಮೆಟ್ಲು ಅಂತಲೇ ಎಲ್ಲರ ತಲೇಲಿ. ಆದ್ರೆ ಹಳ್ಳಿ ಜನ ಬೆಂಗಳೂರಿಗೆ ಬರೋದಲ್ಲ, ಚಿಕಿತ್ಸೆಯೇ ಅವರ ಹತ್ರ ಹೋಗ್ಬೇಕು ಅಂತ ನಿಮ್ಹಾನ್ಸ್‌ನೋರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಲಿ ಮಾಡಿ ತೋರ್ಸಿದ್ರು, ಪಿಎಚ್‌ಸಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು. ಬಳ್ಳಾರಿ ಮಾದರಿ ಅಂತಲೇ ಅದಕ್ಕೆ ಹೆಸರು, ಅದನ್ನ ನೋಡ್ಕೊಂಡೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು. ನಮ್ಮ ಪಕ್ಕದ ಜಿಲ್ಲೆ ದೇಶಕ್ಕೇ ಹೇಳ್ಕೊಟ್ಟಿದ್ದನ್ನ ನಾವೇ ಮರೆತು ಕೂತಿದೀವಿ ಅನ್ನೋದು ನನಗೆ ತುಂಬಾ ಬೇಜಾರು.

ಆಸ್ಪತ್ರೆ ಬಾಗಿಲ ತನಕ ಹೋದೆ. ಒಳಗೆ ಚಿಕ್ಕಮ್ಮ ಹೋದ್ರು. ಡಾಕ್ಟರ್ ಏನು ಹೇಳಿದ್ರು, ಯಾಕೆ ಹಾಗಾಗಿತ್ತು, ಮನೇಲೇನಾಗಿತ್ತು, ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ, ಗೊತ್ತಾಗ್ಬೇಕಾಗೂ ಇಲ್ಲ. ಮೆಂಟರ್ ಅಂದ್ರೆ ಎಲ್ಲಾ ತಿಳ್ಕೊಂಡಿರ್ಬೇಕು ಅಂತ ಕೆಲವರು ಮಗು ಹತ್ರ ಕೆದಕಿ ಕೆದಕಿ ಕೇಳ್ತಾರೆ, ಕೇಳಿದ್ಮೇಲೆ ಏನು ಮಾಡ್ಬೇಕು ಗೊತ್ತಾಗದೆ ಬುದ್ಧಿ ಹೇಳಿ ಕಳಿಸ್ತಾರೆ. ಅದಕ್ಕಿಂತ ಮುಂದಿನ ವಾರ ‘ಈಗ ಹೇಗಿದ್ಯಮ್ಮಾ, ಮಾತ್ರೆ ತಗೊಂಡ್ಯಾ’ ಅಂತ ಒಂದು ಮಾತು ಕೇಳೋದು ದೊಡ್ಡದು. ಅವಳು ಒಂದು ಪೇಪರ್ ಬಾಕಿ ಉಳಿಸ್ಕೊಂಡು ಆಮೇಲೆ ಕಟ್ಟಿ ಪಾಸ್ ಮಾಡಿದ್ಳು. ಈಗ ಬಿಎಡ್ ಓದ್ತಿದಾಳೆ. ಇದನ್ನ ಇಲ್ಲಿ ಬರೀತೀನಿ ಅಂತ ಅವಳನ್ನ ಕೇಳಿ, ಗುರುತು ಸಿಗೋ ವಿಷಯ ಬದಲಾಯಿಸಿ ಬರ್ದಿದೀನಿ.

ಅವತ್ತು ಕಾಲೇಜಿನ ಡೈರಿಲಿ ಏನು ಬರೀಬೇಕು ಅಂತ ತುಂಬಾ ಯೋಚನೆ ಮಾಡ್ದೆ. ಆ ಡೈರಿ ಐಕ್ಯೂಎಸಿ ಕಪಾಟಲ್ಲಿರುತ್ತೆ, ನ್ಯಾಕ್‌ನ ಪರಿಶೀಲನಾ ತಂಡ, ಪೀರ್ ಟೀಮ್ ಬಂದ್ರೆ ಟೇಬಲ್ ಮೇಲೆ ಸಾಲಾಗಿ ಇಡ್ತಾರೆ, ಯಾರು ಬೇಕಾದ್ರೂ ತಿರುವಿ ಹಾಕ್ಬಹುದು. ‘ಭೇಟಿ ಆಯಿತು, ಮುಂದಿನ ಭೇಟಿ ಬುಧವಾರ’ ಅಷ್ಟೇ ಬರ್ದೆ. ಪ್ರಿನ್ಸಿಪಾಲರಿಗೆ ಬಾಯಲ್ಲಿ ತಿಳಿಸ್ದೆ, ಅವರೂ ಅರ್ಥ ಮಾಡ್ಕೊಂಡ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಪಡೆಯೋರ ಮಾಹಿತಿ ಗುಟ್ಟಾಗಿರೋದು ಅವರ ಹಕ್ಕು ಅನ್ನುತ್ತೆ, ಆದ್ರೆ ನಮ್ಮ ಡೈರಿಲಿ ‘ಕೌಟುಂಬಿಕ ಸಮಸ್ಯೆ’ ‘ಪ್ರೇಮ ಪ್ರಕರಣ’ ಅಂತೆಲ್ಲಾ ಹೆಸರಿನ ಸಮೇತ ಬರೆದಿರೋದನ್ನ ನಾನು ಕಣ್ಣಾರೆ ನೋಡಿದೀನಿ. ಮೆಂಟರ್ ಆಗಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಹಾಗೆ ಬರೀಬೇಡಿ.

ಇನ್ನೊಬ್ಬ ಹುಡುಗನ ವಿಷಯ ಬೇರೆ ಥರ. ಬಾಯಲ್ಲಿ ಕೇಳಿದ್ರೆ ಜರ್ನಲ್ ಎಂಟ್ರಿ ಪಟಪಟ ಹೇಳ್ತಿದ್ದ, ಪೇಪರಲ್ಲಿ ಅಂಕಿ ಹಿಂದೆ ಮುಂದೆ, 69 ಇರೋ ಕಡೆ 96, ಒಂದು ಪುಟಕ್ಕೆ ಅರ್ಧ ಗಂಟೆ. ಸೋಮಾರಿ ಅಂತ ಹೈಸ್ಕೂಲಿಂದಲೂ ಅನ್ನಿಸ್ಕೊಂಡು ಬಂದಿದ್ದ, ಅವನೂ ಹಾಗೇ ನಂಬಿದ್ದ. ಇದು ಡಿಸ್ಲೆಕ್ಸಿಯಾ, ಅಂದ್ರೆ ಓದು ಬರಹದ ಕಲಿಕೆಯ ತೊಂದರೆ ಅಂತ ಹೇಳೋಕೆ ನಾನು ಡಾಕ್ಟರಲ್ಲ, ನಾನು ಹೇಳಿದ್ದು ‘ನಿನ್ನ ಮಾತಿಗೂ ಬರವಣಿಗೆಗೂ ಇಷ್ಟೊಂದು ವ್ಯತ್ಯಾಸ ಯಾಕಿದೆ ಅಂತ ಬಲ್ಲೋರ ಹತ್ರ ತೋರಿಸೋಣಪ್ಪ’ ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ 21 ಥರದ ಅಂಗವೈಕಲ್ಯ ಇದೆ, 1995ರ ಹಳೇ ಕಾಯ್ದೆಲಿ ಏಳೇ ಇತ್ತು, ಕಲಿಕೆಯ ತೊಂದರೆ ಸೇರಿದ್ದು ಹೊಸದರಲ್ಲೇ. ಪರೀಕ್ಷೆಲಿ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತೆ, ಮೂರು ಗಂಟೆ ಪೇಪರಿಗೆ ಒಂದು ಗಂಟೆ. ಟೆಸ್ಟು, ಸರ್ಟಿಫಿಕೇಟು, ಯೂನಿವರ್ಸಿಟಿ ಅನುಮತಿ ಎಲ್ಲಾ ಸೇರಿ ಎಂಟು ತಿಂಗಳು ಓಡಾಡಿದ್ವಿ, ಪತ್ರ ಕೈಗೆ ಬಂದಾಗ ಪರೀಕ್ಷೆಗೆ ಆರು ದಿನ ಬಾಕಿ. ಅವರಪ್ಪ ಬಂದು ‘ನಾವೂ ಹೊಡ್ದಿದೀವಿ ಮೇಡಮ್ಮೋರೆ ಇವನ್ನ, ಬರೆಯಲ್ಲ ಅಂತ’ ಅಂತ ತಲೆ ತಗ್ಗಿಸಿ ನಿಂತ್ರು. ಅವರಿಗೆ ಏನು ಹೇಳ್ಬೇಕು ಅಂತ ನನಗೆ ತೋಚಲೇ ಇಲ್ಲ, ಕೂತ್ಕೊಳ್ಳಿ ಅಂತ ಕುರ್ಚಿ ಎಳೆದೆ.

ಇಂಗ್ಲೆಂಡಲ್ಲಿ ಪಾಠ ಮಾಡೋ ನನ್ನ ಗೆಳತಿ ಒಬ್ಬಳಿದಾಳೆ, ಎಂಕಾಂ ಕ್ಲಾಸ್‌ಮೇಟು. ಅಲ್ಲಿ ಮೆಂಟರ್‌ಗೆ ಪರ್ಸನಲ್ ಟ್ಯೂಟರ್ ಅಂತಾರೆ. ಅಲ್ಲಿ ಕೌನ್ಸೆಲಿಂಗಿಗೊಂದು ವಿಭಾಗ, ಅಂಗವೈಕಲ್ಯಕ್ಕೊಂದು, ದುಡ್ಡಿನ ಕಷ್ಟಕ್ಕೊಂದು ನಿಧಿ, ಎಲ್ಲಾ ಇದೆ. ಹಾಗಿದ್ರೆ ನಿನಗೇನು ಕೆಲಸ ಅಂದ್ರೆ, ಮಕ್ಕಳು ಫಾರಂ ತುಂಬಲ್ಲ ಕಣೆ, ಪಕ್ಕ ಕೂತು ತುಂಬ್ಸಿ ಸೆಂಡ್ ಒತ್ತೋ ತನಕ ಎದ್ದೇಳಲ್ಲ ನಾನು ಅಂದಳು. ನಮ್ಮ ಕಡೆಯಿಂದ ಮಾಸ್ಟರ್ಸ್‌ಗೆ ಹೋಗೋ ಹುಡುಗರಂತೂ ಟ್ಯೂಟರ್ ಅಂದ್ರೆ ಟ್ಯೂಷನ್ ಹೇಳೋರು ಅನ್ಕೊಂಡು ‘ನನಗೆ ಟ್ಯೂಷನ್ ಬೇಡ’ ಅಂತ ಮೀಟಿಂಗಿಗೇ ಬರಲ್ವಂತೆ. ವೀಸಾ ಜೊತೆ ವರ್ಷಕ್ಕೆ 776 ಪೌಂಡು ಹೆಲ್ತ್ ಸರ್‌ಚಾರ್ಜ್ ಕಟ್ಟಿರ್ತಾರೆ, ಅಲ್ಲಿನ ಜಿಪಿ, ಅಂದ್ರೆ ಏನೇ ಆದ್ರೂ ಮೊದಲು ತೋರಿಸೋ ಡಾಕ್ಟರ್ ಹತ್ರ ಹೆಸರು ಬರೆಸೋಕೆ ಬೇರೆ ದುಡ್ಡು ಬೇಡ, ಆದ್ರೂ ಬರೆಸಿರಲ್ಲ, ಕತ್ತಲಲ್ಲಿ ಡಿಸೆಂಬರ್ ತಿಂಗಳು ಒಂಟಿಯಾಗಿ ಒದ್ದಾಡ್ತಿರ್ತಾರೆ. ಮಕ್ಕಳನ್ನ ಅಲ್ಲಿಗೆ ಕಳಿಸಿರೋ ಅಪ್ಪ ಅಮ್ಮ ಇದನ್ನ ಓದ್ತಿದ್ರೆ ಇವತ್ತೇ ಫೋನಲ್ಲಿ ಕೇಳಿ, ಜಿಪಿ ಹತ್ರ ಹೆಸರು ಬರೆಸಿದ್ಯಾ, ನಿನ್ನ ಟ್ಯೂಟರ್ ಯಾರು ಅಂತ.

2025ರ ಜುಲೈ 25ಕ್ಕೆ ಸುಪ್ರೀಂ ಕೋರ್ಟು ಒಂದು ತೀರ್ಪಲ್ಲಿ ದೇಶದ ಎಲ್ಲಾ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರೋ ಕಡೆ ತರಬೇತಿ ಆಗಿರೋ ಕೌನ್ಸೆಲರ್ ಒಬ್ರಾದ್ರೂ ಇರ್ಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡ್ಕೋಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದ್ರೂ ತರಬೇತಿ, ಸಹಾಯವಾಣಿ ನಂಬರ್ ಹಾಸ್ಟೆಲಲ್ಲಿ ಕ್ಲಾಸಲ್ಲಿ ದೊಡ್ಡದಾಗಿ ಹಾಕ್ಬೇಕು ಅಂತೆಲ್ಲಾ ಇದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡ್ಕೊಂಡ್ರು ಅನ್ನುತ್ತೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ (ಎನ್‌ಸಿಆರ್‌ಬಿ) ಲೆಕ್ಕ, ಇಂಥ ಲೆಕ್ಕ ಮುಂದಿಟ್ಕೊಂಡೇ ಕೋರ್ಟು ಮಾತಾಡಿರೋದು. ನಮ್ಮ ಕಾಲೇಜಿಗೆ ಕೌನ್ಸೆಲರ್ ಇನ್ನೂ ಬಂದಿಲ್ಲ. ನಂಬರ್ ಹಾಕೋಕೆ ಯಾರ ಅಪ್ಪಣೆನೂ ಬೇಡ ಅಂತ ನಾವೇ ಎ4 ಶೀಟಲ್ಲಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಟಿಸಿದೀವಿ, ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲ ಒಳಗಡೆನೂ ಅಂಟಿಸಿದೀವಿ, ಅಲ್ಲಿ ಯಾರೂ ನೋಡದಂಗೆ ಫೋನಲ್ಲಿ ಫೋಟೋ ತಗೋಬಹುದು ಅಂತ. ಈ ಐಡಿಯಾ ನಮ್ಮ ಅಟೆಂಡರಮ್ಮಂದು.

ಈ ಸಲದ ಹೊಸ ಬ್ಯಾಚಿಗೆ ಮೊದಲ ಮೀಟಿಂಗಲ್ಲಿ ನಾನು ಕೇಳಿದ್ದು, ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡ್ತೀರ, ತಿಂಡಿ ಎಲ್ಲಿ ತಿಂತೀರ, ಖಾತೆ ಯಾವ ಬ್ಯಾಂಕಲ್ಲಿದೆ. 34ರಲ್ಲಿ ಒಂಬತ್ತು ಜನ ತಿಂಡಿ ತಿಂದೇ ಬರಲ್ಲ, ಬಸ್ಸು ಆರೂಮುಕ್ಕಾಲಿಗೆ. ಏಳು ಜನರ ಖಾತೆಗೆ ಸೀಡಿಂಗ್ ಆಗಿಲ್ಲ. ನಾಳೆ ಎರಡನೇ ಪೀರಿಯಡ್ ನನಗೆ ಕ್ಲಾಸಿಲ್ಲ, ಏಳೂ ಜನಾನ ಕರ್ಕೊಂಡು ಪೋಸ್ಟಾಫೀಸಿಗೆ ಹೋಗ್ತಿದೀನಿ, ಪೋಸ್ಟ್ ಮಾಸ್ಟರಿಗೆ ಸಂಜೆನೇ ಫೋನ್ ಮಾಡಿ ಹೇಳಿದೀನಿ, ಎಲ್ಲರೂ ಆಧಾರ್ ಕಾರ್ಡು, ಫೋನು ತನ್ನಿ ಅಂತ ಗ್ರೂಪಲ್ಲಿ ಹಾಕಿದೀನಿ. ಒಬ್ಬ ಮಾತ್ರ ಇನ್ನೂ ಮೆಸೇಜ್ ನೋಡಿಲ್ಲ, ಅವನಿಗೆ ಈಗ ಕಾಲ್ ಮಾಡ್ಬೇಕು.